ನಾಳೆಗೆ ಬಿಟ್ಟ ಔಷಧಿ



ಅಡಿಕೆಗೆ ಕೊಳೆರೋಗ ಬಂದರೆ ನಾವು ಮಳೆಯನ್ನು ಬೈಯುತ್ತೇವೆ. ಅರ್ಧ ತಪ್ಪು ಮಳೆಯದು. ಇನ್ನರ್ಧ ನಮ್ಮ ‘ನಾಳೆ’ಯದು.

ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ನಾನು ಡಿಪ್ಲೊಮಾ ಮುಗಿಸಿ ಬಂದ ವರ್ಷ, ತೋಟಕ್ಕೆ ಔಷಧಿ ಹೊಡೆಸುವ ಕೆಲಸವನ್ನು ಅಪ್ಪಯ್ಯ ನನಗೆ ಒಪ್ಪಿಸಿದರು. ‘ಆಗಲಿ, ನಾಳೆ ನೋಡೋಣ’ ಅಂದೆ. ಒಂದು ದಿನ ಮೈಲುತುತ್ತ ತಂದಿರಲಿಲ್ಲ. ಇನ್ನೊಂದು ದಿನ ಕೊನೆಗಾರ ಸಿಗಲಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು. ಎಳೆಗಾಯಿಗಳು ಕೊಳೆತು ಬುಡದಲ್ಲಿ ಹಾಸಿದ ಹಾಗೆ ಬಿದ್ದವು. ಅಪ್ಪಯ್ಯ ಬೈಯಲಿಲ್ಲ, ಬುಟ್ಟಿ ತಗೊಂಡು ಹೆಕ್ಕಲಿಕ್ಕೆ ಕೂತರು. ಆ ಮೌನ ಇನ್ನೂ ಮರೆತಿಲ್ಲ.

ಮೈಸೂರು ಸೀಮೆಯಲ್ಲಿ ಡಾ. ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಬೋರ್ಡೋ ದ್ರಾವಣವನ್ನು ತೋರಿಸಿಕೊಟ್ಟು ನೂರು ವರ್ಷ ಕಳೆದಿದೆ. ಮದ್ದು ಗೊತ್ತಿಲ್ಲವೆಂದಲ್ಲ, ಹೊತ್ತಿಗೆ ಹೊಡೆಯುವುದಿಲ್ಲ, ಅಷ್ಟೇ. ಅದು ರೋಗ ತಡೆಯುವ ಮದ್ದು. ಕೊಳೆತ ಕಾಯಿಯನ್ನು ಉಳಿಸದು. ಆದ್ದರಿಂದ ಮುಂಗಾರು ಹಿಡಿಯುವ ಮೊದಲೇ ಒಮ್ಮೆ, 40-45 ದಿನಕ್ಕೆ ಮತ್ತೊಮ್ಮೆ ಹೊಡೆಯಬೇಕು.

ಹಾಗಾದರೆ ಏನು ಮಾಡಬೇಕು? ಮೇ ತಿಂಗಳು ಹುಟ್ಟುತ್ತಲೇ ಪಂಚಾಂಗದಲ್ಲಿ ದಿನ ಗುರುತು ಹಾಕಿ ಮನೆಮಂದಿಗೆಲ್ಲ ಹೇಳಿಬಿಡಿ. ನಾಲ್ಕು ಜನರಿಗೆ ಹೇಳಿದ ಮೇಲೆ ಹಿಂದೆಗೆಯಲು ನಾಚಿಕೆಯಾಗುತ್ತದೆ. ಕೊನೆಗಾರನಿಗೆ ಅಂದೇ ಮಾತು ಕೊಡಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ ಎಂದು ಲೆಕ್ಕ ಹಾಕಿ ಮೊದಲೇ ತಂದಿಡಿ. ಇಡೀ ತೋಟ ನೆನೆದು ಎದೆಗುಂದಬೇಡಿ. ಮೊದಲ ದಿನ ನಾಲ್ಕೇ ಸಾಲು ಆಗಲಿ.

ಕಲಸಿದ ದ್ರಾವಣವನ್ನು ಅಂದೇ ಮುಗಿಸಬೇಕು. ನಾಳೆಗೆ ಇಟ್ಟರೆ ಕೆಡುತ್ತದೆ. ಮಾಡಬೇಕೆಂದುಕೊಂಡ ಕೆಲಸವೂ ಹಾಗೆಯೇ ಅಲ್ಲವೇ?