ಪುಲಿಗೆರೆಯ ತಿರುಳ್ಗನ್ನಡ
(ಗದಗಿನ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗ್ರಂಥಗಳ ಹುಚ್ಚು ಹಿಡಿದವನು ಗ್ರಂಥಗಳಿಂದಲೇ ಮಾತನ್ನು ಆರಂಭಿಸಬೇಕಷ್ಟೆ. ಕ್ರಿ. ಶ. 850ರ ಸುಮಾರಿನ ಕವಿರಾಜಮಾರ್ಗವು ಕನ್ನಡದ ತಿರುಳೆಂದು ನಾಲ್ಕು ಊರುಗಳ ನಡುವಣ ನಾಡನ್ನು ಹೆಸರಿಸುತ್ತದೆ. ಆ ನಾಲ್ಕರಲ್ಲೊಂದಾದ ಪುಲಿಗೆರೆಯೇ ನಮ್ಮ ಲಕ್ಷ್ಮೇಶ್ವರ. 941ರಲ್ಲಿ ಭಾರತವನ್ನು ರಚಿಸಿದ ಪಂಪನೂ ತನ್ನ ಕಾವ್ಯದ ನುಡಿ ಪುಲಿಗೆರೆಯದೆಂದೇ ಹೆಮ್ಮೆಪಟ್ಟನು.

ಇಂಥ ನಾಡಿಗೆ ಆಂಗ್ಲರ ಕಾಲದಲ್ಲಿ ಒದಗಿದ ಗತಿಯೇನು? ಗದಗು, ಮುಂಡರಗಿಗಳು ಮುಂಬಯಿ ಪ್ರಾಂತಕ್ಕೆ, ಲಕ್ಷ್ಮೇಶ್ವರವು ಮಿರಜಿಗೆ, ಶಿರಹಟ್ಟಿಯು ಸಾಂಗಲಿಗೆ. ಚಕ್ಕಡಿ ಹೂಡಿ ಗದಗನ್ನು ಬಿಟ್ಟವನು ಲಕ್ಷ್ಮೇಶ್ವರವನ್ನು ಮುಟ್ಟುವುದರೊಳಗೆ ಮೂರು ದೊರೆತನಗಳನ್ನು ಕಾಣುತ್ತಿದ್ದನು! ಆದರೆ ಸಂತೆಯಲ್ಲಿಯೂ ಬೆಟಗೇರಿಯ ಮಗ್ಗದ ಮುಂದೆಯೂ ಕನ್ನಡವೇ. ವೀರನಾರಾಯಣನ ಸನ್ನಿಧಿಯಲ್ಲಿ ಹುಟ್ಟಿತೆಂದು ನಾವು ನಂಬಿದ ಕುಮಾರವ್ಯಾಸನ ಭಾರತವನ್ನು ಅಕ್ಷರವರಿಯದವರೂ ಕೇಳಿ ಬಲ್ಲವರಾಗಿದ್ದರು. ಆ ಭಾರತಕ್ಕೆ ಸಂಸ್ಥಾನದ ಗಡಿಯಿರಲಿಲ್ಲ.

1956ರಲ್ಲಿ ನಾಡು ಒಂದಾಯಿತು. ಈಗ ಗಡಿಯು ಮನೆಯೊಳಗೆ ಹೊಕ್ಕಿದೆ. ಅಜ್ಜನಿಗೆ ಬಾಯಿಪಾಠವಾದ ಪದ್ಯವನ್ನು ಮೊಮ್ಮಗನು ಅಕ್ಷರ ಕೂಡಿಸಿ ಓದಲಾರನು. ಹಲವು ಮನೆಗಳಲ್ಲಿ ಪುಸ್ತಕವಿದೆ, ದನಿಯಿಲ್ಲ.

ಆದುದರಿಂದ ವಾರಕ್ಕೊಂದು ಸಂಜೆ ಮಕ್ಕಳಿಂದ ಗಟ್ಟಿಯಾಗಿ ಓದಿಸಿರಿ. ತಿಳಿಯದ ಮಾತು ಬಂದರೆ ನಿಘಂಟಿಗೆ ಮೊದಲು ಹಿರಿಯರನ್ನು ಕೇಳಿರಿ. ಅದು ಅವರ ಬಾಯಲ್ಲಿ ಇನ್ನೂ ಬದುಕಿದ್ದೀತು. ಬರುವ ಶನಿವಾರವೇ ತೊಡಗೋಣ. ಪುಸ್ತಕವನ್ನು ನಾನು ತರುವೆನು. ಮಕ್ಕಳನ್ನು ನೀವು ಕರೆತನ್ನಿರಿ.