ನಮ್ಮ ಬಂದರಿನ ಮಾತು



ನಮ್ಮ ಮಂಗಳೂರಿಗೆ ಎಷ್ಟು ಹೆಸರು ನೋಡಿ! ತುಳುವಿನಲ್ಲಿ ಕುಡ್ಲ. ಕೊಂಕಣಿಯಲ್ಲಿ ಕೊಡಿಯಾಲ. ಬ್ಯಾರಿ ಭಾಷೆಯಲ್ಲಿ ಮೈಕಾಲ.

ಇದು ಬಂದರಿನ ಊರು. ಹಡಗಿನಲ್ಲಿ ಸರಕು ಬಂತು. ಜೊತೆಗೆ ಮಾತೂ ಬಂತು. 'ಬಂದರು' ಇರಾನಿನ ಪಾರಸಿ ಮಾತು. 'ಚಾವಿ', 'ಬಾಲ್ದಿ' ಪೋರ್ಚುಗೀಸರಿಂದ ಬಂದವು.

ನಮ್ಮ ಕನ್ನಡದ ರಾಗವೇ ಬೇರೆ. ಬೇರೆ ಕಡೆ 'ಏನು', ನಮ್ಮಲ್ಲಿ 'ಎಂತ'. ಅಲ್ಲಿ 'ಇದೆ', ಇಲ್ಲಿ 'ಉಂಟು'. ಅಲ್ಲಿ 'ಹೋಗೋಣ', ಇಲ್ಲಿ 'ಹೋಗುವ'. ಚಿಂತೆ ಹೆಚ್ಚಾದರೆ 'ಮಂಡೆಬಿಸಿ ಮಾರಾಯ್ರೆ!'

ಇದನ್ನು ಕೇಳಿ ಹೊರಗಿನವರು ನಗುವುದುಂಟು. ಆಗ ಕೆಲವರು ನಾಚಿ ಬಾಯಿ ಮುಚ್ಚುತ್ತಾರೆ. ಕಚೇರಿಗೆ ಹೋದರೂ ಕೇಳಬೇಕಾದ್ದನ್ನು ಕೇಳದೆ ಬರುತ್ತಾರೆ. ಪಿಂಚಣಿಯ ಅರ್ಜಿ ಹಾಗೇ ಉಳಿಯುತ್ತದೆ. ನಷ್ಟ ಯಾರಿಗೆ? ನಮಗೇ ಅಲ್ವಾ?

ಪುಸ್ತಕದ ಕನ್ನಡ ಕಲಿಯುವ. ಅರ್ಜಿ ಬರೆಯಲಿಕ್ಕೆ ಅದು ಬೇಕು. ಆದರೆ ನಮ್ಮ ಮಾತು ತಪ್ಪು ಅಂತ ತಿಳಿಯುವುದು ಬೇಡ. 'ಉಂಟು' ಹಳೆಯ ಕನ್ನಡದಲ್ಲೂ ಉಂಟು!

ಇವತ್ತು ಒಂದು ಕೆಲಸ ಮಾಡುವ. ನಿಮ್ಮ ಮನೆಯ ಐದು ಮಾತು ಸ್ಲೇಟಿನಲ್ಲಿ ಬರೆದು ತನ್ನಿ. ನಾಳೆ ಎಲ್ಲರೂ ಗಟ್ಟಿಯಾಗಿ ಓದುವ. ಆಯ್ತಾ?