ಹೊಳೆಯ ಹಾವಸೆ ಹೇಳುವ ಸಾಕ್ಷಿ

ಗೋಕಾಕಕ್ಕೆ ಹೋದವರು ಸಾಮಾನ್ಯವಾಗಿ ಎರಡನ್ನು ನೋಡಿಬರುತ್ತಾರೆ. ಒಂದು, ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಘಟಪ್ರಭೆ. ಇನ್ನೊಂದು, ಅದಕ್ಕೂ ಮೇಲಕ್ಕಿರುವ ಧೂಪದಾಳದ ಒಡ್ಡಿನ ಹಿನ್ನೀರು. 1974ರಲ್ಲಿ ಪಕ್ಷಿಧಾಮವಾದ ಈ ಹಿನ್ನೀರಿಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳೂ ಬಂದಿಳಿಯುತ್ತವೆ. ಮೀನು ಹಿಡಿದು ಬದುಕುವ ಹಕ್ಕಿಗಳ ಅನ್ನದ ಮೂಲವನ್ನು ಹುಡುಕುತ್ತ ಹೋದರೆ ನಾವು ದಂಡೆಯ ಜಾರುಗಲ್ಲಿನ ಬಳಿಗೇ ಬರುತ್ತೇವೆ.

ಕಲ್ಲಿನ ಮೇಲಣ ಕಂದು ಲೋಳೆಯನ್ನು ಹಾವಸೆ ಎಂದು ಕರೆದು ಸುಮ್ಮನಾಗುತ್ತೇವೆ. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ದೋಣಿಯಂತೆ, ಸೂಜಿಯಂತೆ, ಗಾಲಿಯಂತೆ ಇರುವ ಲೆಕ್ಕವಿಲ್ಲದಷ್ಟು ಜೀವಿಗಳು ಕಾಣುತ್ತವೆ. ಇವೇ ಡಯಾಟಮ್‌ಗಳು. ಒಂದೇ ಜೀವಕೋಶದ ಈ ಜೀವಿ ನೀರಿನಲ್ಲಿ ಕರಗಿದ ಸಿಲಿಕಾವನ್ನು ಹೀರಿ, ಗಾಜಿನಂಥ ಕವಚವನ್ನು ಕಟ್ಟಿಕೊಳ್ಳುತ್ತದೆ. ಕವಚಕ್ಕೆ ಎರಡು ಹೋಳು. ಕುಂಕುಮದ ಭರಣಿಗೆ ಮುಚ್ಚಳ ಕೂತಂತೆ ಒಂದರ ಮೇಲೊಂದು ಕೂತಿರುತ್ತವೆ. ಅದರ ಮೇಲಿನ ಗೆರೆ, ರಂಧ್ರಗಳ ಚಿತ್ತಾರ ಜಾತಿಜಾತಿಗೂ ಬೇರೆ. ಆ ಚಿತ್ತಾರವನ್ನು ಓದಿಯೇ ವಿಜ್ಞಾನಿಗಳು ಜಾತಿಯ ಹೆಸರು ಹೇಳುತ್ತಾರೆ.

ಈ ಓದು ನಮ್ಮ ಸೀಮೆಗೆ ಹೊಸದಲ್ಲ. ಕೊಲ್ಹಾಪುರದ ಸುತ್ತಿನ, ಧಾರವಾಡದ ಬಳಿಯ ಮುಗದದ, ಜೋಗದ ಡಯಾಟಮ್‌ಗಳನ್ನು ಎಚ್. ಪಿ. ಗಾಂಧಿಯವರು 1950ರ ದಶಕದಿಂದ ಮೊದಲುಗೊಂಡು ಶೋಧಿಸಿ ವಿವರಿಸಿದರು. ಹಲವು ಹೊಸ ಜಾತಿಗಳಿಗೆ ಹೆಸರಿಟ್ಟರು.

ಇದರಿಂದ ನಮಗೇನು ಎಂದು ನೀವು ಕೇಳಬಹುದು. ಲೋಕದಲ್ಲಿ ಉತ್ಪತ್ತಿಯಾಗುವ ಪ್ರಾಣವಾಯುವಿನಲ್ಲಿ ಸುಮಾರು ಐದರಲ್ಲೊಂದು ಪಾಲು ಡಯಾಟಮ್‌ಗಳದು. ಹೊಳೆಯ ಹುಳುಹುಪ್ಪಟೆ ಇವನ್ನು ಮೇಯುತ್ತವೆ; ಹುಳುವನ್ನು ಮೀನು, ಮೀನನ್ನು ಹಕ್ಕಿ ತಿನ್ನುತ್ತದೆ.

ಇನ್ನೊಂದು ಮಾತು ಮನೆಗೆ ಹತ್ತಿರದ್ದು. ಕೆಲವು ಜಾತಿಗಳು ತಿಳಿನೀರಿನಲ್ಲಿ ಮಾತ್ರ ಬಾಳುತ್ತವೆ. ನಿಟ್ಜ್‌ಶಿಯಾ ಪೇಲಿಯಾದಂಥವು ಊರ ಬಚ್ಚಲ ನೀರು ಬೆರೆತ ಕಡೆಯೂ ಹುಲುಸಾಗಿ ಬೆಳೆಯುತ್ತವೆ. ಸೀಸೆಯಲ್ಲಿ ತುಂಬಿತಂದ ನೀರು ಆ ಗಳಿಗೆಯ ಸ್ಥಿತಿಯನ್ನಷ್ಟೇ ಹೇಳೀತು. ರಾತ್ರಿ ಹರಿಬಿಟ್ಟ ಕೊಳೆ ಬೆಳಗಾಗುವಷ್ಟರಲ್ಲಿ ಮುಂದಕ್ಕೆ ಹೋಗಿರುತ್ತದೆ. ಕಲ್ಲಿಗಂಟಿದ ಹಾವಸೆ ಎಲ್ಲಿಗೂ ಹೋಗದು. ಕಳೆದ ಕೆಲವು ವಾರಗಳ ನೀರಿನ ಗುಣ ಅದರಲ್ಲಿ ಉಳಿದಿರುತ್ತದೆ. ನಾಲ್ಕಾರು ಕಲ್ಲುಗಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೆಗೆದರೆ ಸಂಗ್ರಹ ಮುಗಿಯಿತು. ಶ್ರಮವಿರುವುದು ಜಾತಿಗಳನ್ನು ಗುರುತಿಸುವುದರಲ್ಲಿ.

ಧೂಪದಾಳದಲ್ಲಿ ಹಕ್ಕಿಗಳನ್ನು ಎಣಿಸುವುದು ಒಳ್ಳೆಯದೇ. ಆದರೆ ನೀರು ಕೆಟ್ಟರೆ ಹಕ್ಕಿ ಬೇರೆ ಕೆರೆಯನ್ನು ಹುಡುಕಿಕೊಂಡೀತು. ಹೊಳೆಯನ್ನೇ ನಂಬಿದ ಊರುಗಳು ಎಲ್ಲಿಗೆ ಹೋಗಬೇಕು? ಸುತ್ತಲಿನ ಕಾಲೇಜುಗಳ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಒಡ್ಡಿನ ಮೇಲೂ ಕೆಳಗೂ ಋತುವಿಗೊಮ್ಮೆ ಕಲ್ಲುಜ್ಜಿ, ಕಂಡ ಜಾತಿಗಳ ಪಟ್ಟಿಯನ್ನು ವರ್ಷವರ್ಷವೂ ಇಟ್ಟುಕೊಂಡು ಬರಲಿ. ಹಕ್ಕಿ ಹಾರಿಹೋಗುವ ಮೊದಲೇ ಹೊಳೆಯ ಆರೋಗ್ಯ ನಮಗೆ ತಿಳಿದೀತು.